ಸೋದರಮಾವನ ತೊಡೆ

ಚನ್ನಪಟ್ಟಣ
೧೮-೧-೧೯೮೭

ಅಣ್ಣನಿಗೆ ಮುನಿರತ್ನಳ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಾದ ಜಾಗ ಇದು. ಬರೆಯುವುದಿಲ್ಲ. ಸಂಕ್ರಾಂತಿಯ ದಿನ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ನಿನ್ನ ಸೋದರಳಿಯನ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತವಳಿಗೆ ಕ್ಷೇಮ ಎಲ್ಲಿಂದ ಬರಬೇಕು? ನಿಮ್ಮ ಕಡೆಯಿಂದ ಬಂದ ನಾಲ್ಕು ಬಸ್ಸನ್ನೂ ನೋಡಿದೆ. ನಾಲ್ಕನೆಯದರಿಂದ ಇಳಿದ ಒಬ್ಬಾತ ಥೇಟ್ ನಿನ್ನ ಹಾಗೇ ಹೆಗಲು ಓರೆ ಮಾಡಿಕೊಂಡು ನಡೆಯುತ್ತಿದ್ದ. ಮಾದೇಶ 'ಮಾವ' ಎಂದು ಓಡಿಹೋಗಿ ಅವನ ಪಂಚೆ ಹಿಡಿದುಕೊಂಡ. ಆತ ಬಗ್ಗಿ ನೋಡಿ, 'ಯಾರ್ ಮಗಳವ್ವ ನೀನು? ಜಡೆ ಬಲೇ ಚೆಂದಾಗೈತೆ' ಅಂದ. 'ನಾನು ಗಂಡ್ಸು' ಎಂದು ಇವನು ಕಿರುಚಿದ್ದಕ್ಕೆ ಇಡೀ ಬಸ್‌ಸ್ಟ್ಯಾಂಡ್ ನಕ್ಕಿತು. ನೀನು ನಗಬೇಡ. ನನಗೆ ನಗು ಬರಲಿಲ್ಲ.

ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಓದಿಯಾದರೂ ನಾಚಿಕೆಯಾಗಲಿ. ಮೂರು ತಿಂಗಳ ಕೂಸಾಗಿದ್ದಾಗ ಎದೆ ಕಟ್ಟಿ ಉಸಿರಿಗೆ ಒದ್ದಾಡುತ್ತಿದ್ದವನನ್ನು ಮಡಿಲಲ್ಲಿ ಹಾಕಿಕೊಂಡು, ಇವನ ಮೊದಲ ಕೂದಲು ನಿನಗೇ ತಾಯಿ ಎಂದು ಕಬ್ಬಾಳಮ್ಮನಿಗೆ ಹರಕೆ ಹೊತ್ತೆ. ಸೋದರಮಾವನೇ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕುಡಿ ಕತ್ತರಿಸಬೇಕು. ನನಗಿರುವ ಅಣ್ಣ ನೀನೊಬ್ಬ. ಆದರೆ ನಮ್ಮ ಅವ್ವನ ಶಾಸ್ತ್ರ ಒಂದಿದೆಯಲ್ಲ: ಸ್ವಂತ ಮಗುವಿನ ಮುಡಿ ತೆಗೆಸದವನು ಇನ್ನೊಬ್ಬರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಹಾಗಿಲ್ಲ. ನಿನ್ನ ಮಗಳು ಅಂಬಿಯ ಮುಡಿ ತೆಗೆಯಬೇಕಾದವನು ಅತ್ತಿಗೆಯ ತಮ್ಮ ಗಂಗಯ್ಯ. ಅವನು ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಉಯ್ಯಂಬಳ್ಳಿ ಬಿಟ್ಟು ಅಲ್ಲಾಡುವುದಿಲ್ಲ. ನೀನು ಅವನನ್ನು ಕರೆಯುವುದಿಲ್ಲ. ಹೀಗೆ ನಿಮ್ಮಿಬ್ಬರ ಹಟಕ್ಕೆ ನನ್ನ ಮಗ ಜಡೆ ಹಾಕಿಕೊಂಡು ಓಡಾಡುತ್ತಿದ್ದಾನೆ. ಒಂದು ವರ್ಷಕ್ಕೆ ತೆಗೆಸೋಣ ಅಂದಿರಿ, ಆಗಲಿಲ್ಲ. ಮೂರಕ್ಕೆ ಅಂದಿರಿ. ಈಗ ಐದೂ ಮುಗಿಯುತ್ತಾ ಬಂತು.

ಜೂನ್‌ನಲ್ಲಿ ಅವನನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು, ನಾನು ಪಾಠ ಹೇಳುವ ಸ್ಕೂಲಿಗೇ. ಜಡೆ ಇರುವವರೆಗೆ ಬರುವುದಿಲ್ಲ ಎಂದು ಅವನು ಈಗಲೇ ಹೇಳಿಬಿಟ್ಟಿದ್ದಾನೆ. ನಮ್ಮ ಯಜಮಾನರಂತೂ, 'ಇಮಾಮ್ ಸಾಬ್ ಅಂಗಡಿಗೆ ಕರ್ಕೊಂಡ್ ಹೋದ್ರೆ ಎರಡು ನಿಮಿಷದ ಕೆಲಸ' ಅನ್ನುತ್ತಾರೆ. ಹರಕೆ ಹೊತ್ತವಳು ನಾನು. ಹೆದರಿಕೆ ನನ್ನದು. ಒಂದು ಸಲ ಉಯ್ಯಂಬಳ್ಳಿಗೆ ಹೋಗಿ ಗಂಗಯ್ಯನನ್ನು ಕರೆ. ಅದರಿಂದ ನಿನ್ನ ಮೀಸೆ ಉದುರುವುದಿಲ್ಲ.

ನಿನ್ನ ತಂಗಿ,
ಮುನಿರತ್ನ


ಗುಡೇಮಾರನಹಳ್ಳಿ
೯-೨-೧೯೮೭

ಚಿ. ಸೌ. ಮುನಿರತ್ನಳಿಗೆ ಅಣ್ಣ ಗಂಗಹನುಮಯ್ಯನ ಆಶೀರ್ವಾದಗಳು.

ಕಾಗದ ಬಂದು ಹದಿನೈದು ದಿನವಾಯಿತು. ಅವ್ವನಿಗೂ ಓದಿ ಹೇಳಿದೆ, ನಿನ್ನ ಬೈಗುಳ ಬಿಟ್ಟು. ಬಿಟ್ಟದ್ದು ಅವಳಿಗೆ ಗೊತ್ತಾಗಿಹೋಯಿತು. 'ಅಷ್ಟುದ್ದದ ಕಾಗ್ದದಲ್ಲಿ ಇಷ್ಟೇನಾ ಬರ್ದಿರೋದು?' ಅಂದಳು.

ನಾನು ಸಂಕ್ರಾಂತಿಗೆ ಬರುತ್ತೇನೆ ಎಂದಿದ್ದು ನಿಜ. ಆದರೆ ಡೈರಿಯ ಸೆಕ್ರೆಟರಿ ಕೆಲಸ ಎಂದರೆ ನಿನ್ನ ಮೇಷ್ಟ್ರಗಿರಿಯಲ್ಲ. ಬೆಳಿಗ್ಗೆ ಆರಕ್ಕೆ ಹಾಲು, ಸಂಜೆ ಐದಕ್ಕೆ ಹಾಲು. ಹಬ್ಬ ಎಂದು ಯಾವ ಹಸುವೂ ಹಾಲು ಬಿಗಿ ಹಿಡಿಯುವುದಿಲ್ಲ. ಲ್ಯಾಕ್ಟೋಮೀಟರ್ ಇನ್ನೊಬ್ಬರ ಕೈಗೆ ಕೊಟ್ಟು ಒಂದು ದಿನ ಹೋದೆ ಎಂದರೆ ಮಾರನೆಯ ದಿನ ಊರಿನ ಕೆರೆಯೆಲ್ಲ ಕ್ಯಾನಿನಲ್ಲಿ ಇರುತ್ತದೆ.

ಗಂಗಯ್ಯನ ವಿಷಯ. ತಪ್ಪು ನನ್ನದು ಎನ್ನುವ ಹಾಗೆ ಬರೆದಿದ್ದೀಯ. ಅಂಬಿಗೆ ಹೆಸರಿಟ್ಟ ಮೇಲಿನ ಬಾಡೂಟಕ್ಕೆ ಒಂದೇ ಮರಿ ಹೊಡೆಸಿದ್ದೆ. ಉಯ್ಯಂಬಳ್ಳಿ ಕಡೆ ಮರಿಯ ತಲೆಯನ್ನು ಮಗುವಿನ ಸೋದರಮಾವನ ಎಲೆಗೇ ಬಡಿಸಬೇಕಂತೆ. ನಮ್ಮ ಮಾಗಡಿ ಸೀಮೆಯಲ್ಲಿ ಇದನ್ನು ಯಾರು ಕಂಡಿದ್ದಾರೆ? ಆ ದಿನ ಊರಿಗೆ ಡೈರಿ ಕೊಡುವ ಸಾಹೇಬರು ಬಂದಿದ್ದರು. ಮರ್ಯಾದೆಗೆಂದು ತಲೆ ಅವರ ಎಲೆಗೆ ಹೋಯಿತು. ಪಕ್ಕದ ಎಲೆಯಲ್ಲಿದ್ದ ಗಂಗಯ್ಯ ಕೈ ಕೂಡ ತೊಳೆಯದೆ ಎದ್ದುಹೋದ. ಬಾಯಿ ಬಿಟ್ಟು ಕೇಳಿದ್ದರೆ ಇನ್ನೊಂದು ಮರಿ ಕಡಿಸುತ್ತಿದ್ದೆ. ಎಲೆ ಬಿಟ್ಟು ಎದ್ದವನು ಅವನು. ನಾನು ಯಾಕೆ ಹೋಗಿ ಕರೆಯಲಿ?

ಇನ್ನು ಮುಂದಿನದು ಅವ್ವ ಬರೆಸುತ್ತಿರುವುದು. ಅವಳು ಅಂದ ಹಾಗೇ ಬರೆಯುತ್ತೇನೆ. 'ಮಗಾ ರತ್ನಿ, ನಿಮ್ಮಣ್ಣ ಮೊಂಡ. ಯೋಳಿ ಯೋಳಿ ನಂಗೂ ಸಾಕಾಗೋಗೈತೆ. ಆದ್ರೆ ಸಾಸ್ತ್ರ ಬುಡಾಕಾಯ್ತದಾ? ನಿಮ್ಮಪ್ಪನ ಕಾಲ್ದಿಂದ್ಲೂ ನಡ್ಕಂಡು ಬಂದೈತೆ. ತನ್ನ ಕೂಸಿನ ಮುಡಿ ಅಂಗೇ ಮಡೀಕೊಂಡು ಇನ್ನೊಬ್ರ ಕೂಸ ತೊಡೆ ಮ್ಯಾಲೆ ಕೂರುಸ್ಕಂಡ್ರೆ ಆ ತಾಯಿ ಸುಮ್ಕಿರ್ತಾಳಾ? ಒಸಿ ತಾಳ್ಕೊ. ಅಲ್ಲೀಗಂಟ ಮಾದೇಸನ ತಲೆಗೆ ಹಳ್ಳೆಣ್ಣೆ ಹಾಕು, ಹೇನು ಬೀಳಂಗಿಲ್ಲ.'

'ಮೊಂಡ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮತ್ತಿಗೆ ಚೆನ್ನಾಗಿದ್ದಾಳೆ.

ಇಂತಿ ನಿನ್ನ ಅಣ್ಣ,
ಗಂಗಹನುಮಯ್ಯ


ಚನ್ನಪಟ್ಟಣ
೨-೩-೧೯೮೭

ಅಣ್ಣನಿಗೆ,

ನೀನು ಹೋಗುವುದಿಲ್ಲ ಅಂದೆ. ಸರಿ, ನಿನ್ನೆ ಭಾನುವಾರ ನಾನೇ ಉಯ್ಯಂಬಳ್ಳಿಗೆ ಹೋಗಿ ಬಂದೆ. ಮಾದೇಶನನ್ನೂ ಕರೆದುಕೊಂಡು ಹೋಗಿದ್ದೆ, ಅವನ ಜಡೆಯನ್ನಾದರೂ ನೋಡಿ ಮನಸ್ಸು ಕರಗಲಿ ಎಂದು. ಸಾತನೂರಿನಲ್ಲಿ ಬಸ್ಸು ಸಿಗದೆ ಎರಡು ಗಂಟೆ ಬಿಸಿಲಲ್ಲಿ ಕೂತೆವು. ಅಲ್ಲಿಯೂ ಒಬ್ಬಳು ಇವನಿಗೆ ಹೂ ಮುಡಿಸಲು ಬಂದಳು.

ಗಂಗಯ್ಯ ಮರ್ಯಾದೆ ಕಡಿಮೆ ಮಾಡಲಿಲ್ಲ. 'ಬನ್ನಿ ಮೇಡಮ್ಮೋರೆ' ಎಂದು ಚಾಪೆ ಹಾಸಿದ. ಅವನ ಹೆಂಡತಿ ವೆಂಕಟಲಕ್ಷ್ಮಮ್ಮ ಮಜ್ಜಿಗೆ ತಂದುಕೊಟ್ಟಳು. ಮೊದಲು ಕೇಳಿದ್ದೇ 'ನಮ್ಮಕ್ಕ ಎಂಗವ್ಳೆ?' ಎಂದು. ಚೆನ್ನಾಗಿದ್ದಾಳೆ ಅಂದೆ. ನಿನ್ನ ಕಾಗದದಲ್ಲಿ ಇದ್ದದ್ದು ಅಷ್ಟೇ ತಾನೆ? ಅವನು 'ಸಣ್ಣಗಾಗವ್ಳಾ?' ಅಂದ. ನಾನು ಮಜ್ಜಿಗೆ ಲೋಟ ಎತ್ತಿಕೊಂಡೆ.

ಮುಡಿಯ ವಿಷಯ ಎತ್ತಿದೆ ನೋಡು, ಅವನ ಮುಖವೇ ಬೇರೆಯಾಯಿತು. 'ತಲೆ ತಿನ್ನೋ ಆಸೆಗೆ ಎದ್ದೋದ ಅಂದ್ಕಂಡ್ರಾ ಮೇಡಮ್ಮೋರೆ? ನಂಗೆ ಮಾಂಸನೇ ಅಷ್ಟಾಗಿ ಸೇರಾಕಿಲ್ಲ. ಅವತ್ತು ಆ ಪಂಕ್ತೀಲಿ ನಮ್ಮೂರೋರು ಹನ್ನೆರಡು ಜನ ಕೂತಿದ್ರು. ಈ ಮಗೀಗೆ ಸೋದರಮಾವ ಅಂತ ಒಬ್ಬ ಅವ್ನೆ ಅಂತ ಆ ಮನೇಲಿ ಯಾರ್ಗೂ ಗ್ಯಾನ ಬರ್ನಿಲ್ಲ. ಬಾವ ಒಂದು ತಲೆ ತಂದು ಈ ಬಾಗ್ಲಲ್ಲಿ ಮಡಗ್ಲಿ, ಆ ಗಳಿಗೇಲೇ ಎದ್ದು ಬತ್ತೀನಿ' ಅಂದ. ಎಷ್ಟು ಹೇಳಿದರೂ ಅದೇ ಮಾತು. ನಿನಗೆ ತಕ್ಕ ಬಾಮೈದ ಸಿಕ್ಕಿದ್ದಾನೆ.

ಅಣ್ಣ, ಅವನು ಕೇಳುತ್ತಿರುವುದೇನು ದೊಡ್ಡ ವಿಷಯವಲ್ಲ. ನಿನಗೆ ಪದ್ಧತಿ ಗೊತ್ತಿರಲಿಲ್ಲ, ತಪ್ಪಾಯಿತು ಎಂದು ಒಂದು ತಲೆ ತೆಗೆದುಕೊಂಡು ಹೋಗಿ ಇಟ್ಟರೆ ಮುಗಿಯಿತು. ಆ ಅಕ್ಕ ತಮ್ಮನಿಗೆ ತಂದೆ ತಾಯಿ ಇಲ್ಲ. ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅತ್ತಿಗೆ. ನಿಮ್ಮ ಈ ಜಗಳದಲ್ಲಿ ಅವಳು ತವರಿನ ಹೊಸ್ತಿಲು ತುಳಿದು ಐದು ವರ್ಷವಾಯಿತು. ಅದಕ್ಕಾದರೂ ಹೋಗು. ಜೂನ್ ಹತ್ತಿರ ಬಂತು.

ಮುನಿರತ್ನ


ಗುಡೇಮಾರನಹಳ್ಳಿ
೧೭-೩-೧೯೮೭

ಮುನಿರತ್ನಳಿಗೆ,

ಯಾರನ್ನು ಕೇಳಿ ಉಯ್ಯಂಬಳ್ಳಿಗೆ ಹೋದೆ? ನನ್ನ ಪರವಾಗಿ ಅಲ್ಲಿ ಹೋಗಿ ಮಜ್ಜಿಗೆ ಕುಡಿದು ಬಂದೆಯಲ್ಲ, ಈಗ ಆ ಊರಲ್ಲೆಲ್ಲ ಏನು ಮಾತಾಡುತ್ತಿರಬಹುದು ಗೊತ್ತೇ? ಗಂಗಹನುಮಯ್ಯ ತಂಗಿಯನ್ನು ಕಳಿಸಿ ಕಾಲು ಹಿಡಿಸಿದ ಎಂದು.

ಮರಿಯ ತಲೆ ಪಾತ್ರೆಗೆ ಹಾಕಿಕೊಂಡು ಮೂರು ಬಸ್ಸು ಬದಲಾಯಿಸಿಕೊಂಡು ಹೋಗಿ ಬಾಮೈದನ ಬಾಗಿಲಲ್ಲಿ ನಿಲ್ಲುವುದು ನನ್ನಿಂದ ಆಗುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಏನು ಸೆಕ್ರೆಟ್ರೇ ಅದು ಎಂದರೆ ಏನು ಹೇಳಲಿ? ಕೂದಲು ಬೆಳೆದರೆ ಬೆಳೆಯಲಿ. ಋಷಿಗಳಿಗೂ ಇತ್ತು.

ಅವ್ವ ಏನೋ ಬರೆಸಬೇಕಂತೆ. ಇವತ್ತು ಬರೆಯುವ ಮನಸ್ಸಿಲ್ಲ. ನಿಮ್ಮತ್ತಿಗೆ ಚೆನ್ನಾಗಿದ್ದಾಳೆ. ನಿನ್ನ ಕಾಗದ ಓದಿ ಎರಡು ದಿನ ಮಾತು ಬಿಟ್ಟಿದ್ದಳು, ಈಗ ಆಡುತ್ತಾಳೆ.

ಗಂಗಹನುಮಯ್ಯ


ಚನ್ನಪಟ್ಟಣ
೮-೪-೧೯೮೭

ಅಣ್ಣನಿಗೆ,

ಗಂಗಯ್ಯ ಒಪ್ಪಿದ್ದಾನೆ. ಇಪ್ಪತ್ತಮೂರನೇ ತಾರೀಖು ಗುರುವಾರ ಸಂಜೆ ನಿಮ್ಮ ಮನೆಗೆ ಬರುತ್ತಾನೆ. ನಾನೂ ಮಾದೇಶನೂ ಆ ದಿನ ಮಧ್ಯಾಹ್ನವೇ ಬರುತ್ತೇವೆ. ಶುಕ್ರವಾರ ಬೆಳಿಗ್ಗೆ ಎಲ್ಲರೂ ಕಬ್ಬಾಳಿಗೆ ಹೋಗೋಣ. ಮೊದಲು ಗಂಗಯ್ಯ ಅಂಬಿಯ ಮುಡಿ ತೆಗೆಯಲಿ. ಅಲ್ಲೇ, ಅದೇ ಗಳಿಗೆಯಲ್ಲಿ ನೀನು ಮಾದೇಶನ ಮುಡಿ ತೆಗೆ. ಅವ್ವನ ಶಾಸ್ತ್ರಕ್ಕೂ ಕುಂದಿಲ್ಲ.

ಹೇಗೆ ಒಪ್ಪಿದ ಎಂದು ಕೇಳಬೇಡ. ಅವನು ಏನೇ ಹೇಳಿದರೂ 'ಹೂಂ' ಅನ್ನು, ಅಷ್ಟು ಸಾಕು. ಒಂದು ಸಂಜೆ, ಒಂದೇ ಒಂದು ಸಂಜೆ ನಿನ್ನ ಬಾಯಿಗೆ ಬೀಗ ಹಾಕಿಕೊ. ನಿನ್ನ ತಂಗಿ ಜನ್ಮದಲ್ಲಿ ಇನ್ನೇನೂ ಕೇಳುವುದಿಲ್ಲ.

ಮಾದೇಶ ದಿನಾ ಎಷ್ಟು ದಿನ ಉಳಿಯಿತು ಎಂದು ಕೇಳುತ್ತಿದ್ದಾನೆ.

ಮುನಿರತ್ನ


ಚನ್ನಪಟ್ಟಣ
೨೭-೪-೧೯೮೭

ಅಣ್ಣನಿಗೆ,

ನಿಮ್ಮ ಮನೆಯಿಂದ ಬಂದು ಮೂರು ದಿನ ಪೆನ್ನು ಮುಟ್ಟಲಿಲ್ಲ. ಮುಟ್ಟಿದರೆ ಏನು ಬರೆಯುತ್ತಿದ್ದೆನೋ.

ಹೂಂ, ನಾನು ಸುಳ್ಳು ಹೇಳಿದೆ. ಸಾತನೂರಿನಲ್ಲಿ ಮರಿಯ ತಲೆ ಕೊಂಡು, ಬಾಳೆಲೆಯಲ್ಲಿ ಸುತ್ತಿ, ಉಯ್ಯಂಬಳ್ಳಿಯ ಬಾಗಿಲಲ್ಲಿ ಇಟ್ಟು 'ಅಣ್ಣ ಕಳಿಸಿದ್ದಾನೆ, ಕೆಲಸ ಬಿಟ್ಟು ಬರೋದಕ್ಕೆ ಆಗಲಿಲ್ಲ' ಅಂದೆ. ಬಸ್ಸಿನಲ್ಲಿ ಅದರ ವಾಸನೆಗೆ ಪಕ್ಕದವಳು ಎದ್ದುಹೋದಳು. ನಿನ್ನ ಮರ್ಯಾದೆ ಉಳಿಯಲಿ ಎಂದು ನನ್ನದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಗಂಗಯ್ಯನ ಕಣ್ಣಲ್ಲಿ ನೀರು ಬಂತು ಕಣೋ. ತಲೆಯನ್ನು ನೋಡಲೂ ಇಲ್ಲ, ಒಳಗೆ ತೆಗೆದುಕೊಂಡು ಹೋಗು ಎಂದು ಹೆಂಡತಿಗೆ ಹೇಳಿದ.

ಅದನ್ನೆಲ್ಲ ನೀನು ಎರಡು ಮಾತಿನಲ್ಲಿ ಕೆಡಿಸಿದೆ. ಅವನು ಅಂಗಳಕ್ಕೆ ಕಾಲಿಟ್ಟ, ಚಪ್ಪಲಿ ಬಿಟ್ಟ, 'ತಲೆ ಕಳ್ಸಿದ್ರಲ್ಲ ಬಾವ, ಅಷ್ಟೇ ಸಾಕು, ನಂದೂ ತಪ್ಪೈತೆ' ಅಂದ. ನಾನು ಅವನ ಹಿಂದೆ ನಿಂತು ಕೈಯಾಡಿಸುತ್ತಿದ್ದೆ. ನೀನು ನನ್ನನ್ನು ನೋಡಿದೆ. ನೋಡಿಯೂ 'ಯಾವ ತಲೆ?' ಅಂದೆ.

ಆಮೇಲೆ ನಡೆದದ್ದು ಊರಿಗೆಲ್ಲ ಕೇಳಿಸಿದೆ. 'ಏನ್ಲಾ ಗಂಗಯ್ಯ, ನಾನು ಕಳಿಸ್ತೀನಾ ನಿಂಗೆ ತಲೆಯಾ' ಎಂದು ನೀನು, 'ಮೇಡಮ್ಮೋರ್ ಕೈಲಿ ಸುಳ್ ಯೋಳ್ಸೀರಾ' ಎಂದು ಅವನು. ನಡುವೆ ಅವ್ವ, 'ಕೂಸ್ಗೋಳ ಮಕ ನೋಡ್ರಲಾ, ಬುಡ್ರಲಾ' ಎಂದು ಇಬ್ಬರ ಅಂಗಿಯನ್ನೂ ಎಳೆಯುತ್ತಿದ್ದಳು. ನಾನೂ ಕೂಗಾಡಿದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಗಲಾಟೆಯಲ್ಲಿ ಮಕ್ಕಳು ಎಲ್ಲಿದ್ದಾರೆ ಎಂದು ಯಾರೂ ನೋಡಲಿಲ್ಲ. ನಡುಮನೆಯ ಬಾಗಿಲಲ್ಲಿ ಅಂಬಿ, ಅವಳ ಹಿಂದೆ ಮಾದೇಶ ಬಂದು ನಿಂತಾಗಲೇ ನಾವು ಬಾಯಿ ಮುಚ್ಚಿದ್ದು. ಅಂಬಿಯ ಕೈಯಲ್ಲಿ ಅತ್ತಿಗೆ ರವಿಕೆ ಹೊಲಿಯುವ ಕತ್ತರಿ. ಮಾದೇಶನ ಕೈಯಲ್ಲಿ ಎರಡು ಜಡೆ. ಇಬ್ಬರ ತಲೆಯೂ ಮೇಕೆ ಮೇಯ್ದ ಹಾಗೆ. 'ಅಮ್ಮ, ಇನ್ನು ಸ್ಕೂಲಿಗೆ ಹೋಗ್ತೀನಿ' ಎಂದು ನನ್ನ ಮಗ ಹಲ್ಲು ಬಿಟ್ಟ.

ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ಗಂಗಯ್ಯ ಹಾಗೇ ಚಪ್ಪಲಿ ಮೆಟ್ಟಿ ಹೊರಟುಹೋದ. ನೀನು ಹಾಲಿಗೆ ಹೊತ್ತಾಯಿತು ಎಂದು ಡೈರಿಗೆ ಹೋದೆ! ಐದು ವರ್ಷ ಕಾದದ್ದು ಇಷ್ಟಕ್ಕೆ. ಇಬ್ಬರು ಮಾವಂದಿರು ಹತ್ತು ಮಾರು ದೂರದಲ್ಲಿದ್ದರು, ಒಂದು ಮಗುವಿಗೂ ತೊಡೆ ಸಿಗಲಿಲ್ಲ.

ಮಾರನೆಯ ದಿನ ಇಮಾಮ್ ಸಾಬ್ ಅಂಗಡಿಯಲ್ಲಿ ಉಳಿದದ್ದನ್ನು ಬೋಳಿಸಿದೆ. 'ಯಾರಮ್ಮ ಹಿಂಗ್ ಕತ್ರಿ ಆಡ್ಸಿದ್ದು?' ಅಂದರು. ನನಗೆ ಅಲ್ಲೇ ಅಳು ಬಂತು. ಹರಕೆಯ ಗತಿ ಏನು ಎಂದು ನನಗೆ ಈಗಲೂ ಹೆದರಿಕೆ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೆಂದರೆ ಈ ಕಾಗದಕ್ಕೆ ನೀನು ಉತ್ತರ ಬರೆಯದಿದ್ದರೇ ಒಳ್ಳೆಯದು.

ಮುನಿರತ್ನ


ಗುಡೇಮಾರನಹಳ್ಳಿ
೬-೫-೧೯೮೭

ಮುನಿರತ್ನಳಿಗೆ,

ಬೈದದ್ದೆಲ್ಲ ಇರಲಿ. ಮೊನ್ನೆ ಬೆಳಿಗ್ಗೆ ಹಾಲು ಕಳಿಸಿ ಮನೆಗೆ ಬಂದರೆ ನಿಮ್ಮತ್ತಿಗೆ ಸಿದ್ದಮ್ಮ ಇಲ್ಲ, ಅಂಬಿಯೂ ಇಲ್ಲ. ನಿನ್ನ ಹತ್ತಿರ ಬಂದಿದ್ದಾಳೆಯೇ? ಅವ್ವನನ್ನು ಕೇಳಿದರೆ 'ನೀನು ಯಾರ್ನ ಕೇಳಿ ಮಾಡಿದ್ದೀಯ, ಅವ್ಳು ನಿನ್ನ ಕೇಳಾಕೆ' ಎನ್ನುತ್ತಾಳೆ. ಗೂಡಿನಲ್ಲಿ ಎತ್ತಿಟ್ಟಿದ್ದ ಮಕ್ಕಳಿಬ್ಬರ ಜಡೆಯ ಗಂಟೂ ಕಾಣುತ್ತಿಲ್ಲ. ಅಡುಗೆ ನಾನೇ ಮಾಡುತ್ತಿದ್ದೇನೆ. ಮುದ್ದೆ ಗಂಟಾಗುತ್ತಿದೆ, ಅವ್ವ ಉಣ್ಣುವುದಿಲ್ಲ.

ಕೂಡಲೇ ಬರೆ.

ಗಂಗಹನುಮಯ್ಯ


ಉಯ್ಯಂಬಳ್ಳಿ
೧೪-೫-೧೯೮೭

ಮುನಿರತ್ನಳಿಗೆ ಅತ್ತಿಗೆ ಸಿದ್ದಮ್ಮ ಮಾಡುವ ಆಶೀರ್ವಾದ.

ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು, ತಪ್ಪಿದ್ದರೆ ತಿದ್ದಿಕೊಂಡು ಓದು. ಅಂಬಿಯೂ ನಾನೂ ಇಲ್ಲಿಗೆ ಬಂದು ಹತ್ತು ದಿನವಾಯಿತು. ನೀನು ಹರಕೆಯ ಬಗ್ಗೆ ಹೆದರಿಕೊಂಡು ಬರೆದದ್ದನ್ನು ಓದಿದೆ. ಹೆದರಬೇಡ. ಬರುವ ದಾರಿಯಲ್ಲಿ ಕಬ್ಬಾಳಿನಲ್ಲಿ ಇಳಿದು ಎರಡು ಜಡೆಯನ್ನೂ ಅಮ್ಮನಿಗೆ ಒಪ್ಪಿಸಿದೆ. ಅಂಬಿಯ ತಲೆಯನ್ನು ಅಲ್ಲೇ ಬೋಳಿಸಿದೆ. ಪೂಜಾರಪ್ಪ 'ಮಾವ ಎಲ್ಲವ್ವ?' ಎಂದು ಕೇಳಿದರು. 'ಜಗಳ ಆಡ್ತಾವ್ರೆ' ಅಂದೆ. ಅವರು ಮತ್ತೇನೂ ಕೇಳದೆ ಮಂಗಳಾರತಿ ಕೊಟ್ಟರು.

ಇನ್ನೊಂದು ವಿಷಯ. ಕತ್ತರಿಯನ್ನು ಮಕ್ಕಳು ಹುಡುಕಿ ತೆಗೆದುಕೊಂಡದ್ದಲ್ಲ. ನಾನೇ ಕೊಟ್ಟೆ. ನೀವೆಲ್ಲ ಅಂಗಳದಲ್ಲಿ ಕೂಗುತ್ತಿದ್ದಾಗ ನಾನು ನಡುಮನೆಯಲ್ಲಿ ಮಾರನೆಯ ದಿನದ ಬುತ್ತಿ ಕಟ್ಟುತ್ತಿದ್ದೆ. ಮಾದೇಶ ಮೂಲೆಯಲ್ಲಿ ಕೂತು ಅಳುತ್ತಿದ್ದ. 'ಅತ್ತೆ, ನಾಳೆನೂ ಇಲ್ವಾ?' ಎಂದು ಕೇಳಿದ. ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದು ಅಂಬಿಯ ಕೈಗಿಟ್ಟು, ಕಿವಿ ತಗುಲದ ಹಾಗೆ ಹಿಡಿ ಎಂದು ತೋರಿಸಿದೆ. ಅವರು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದೆ. ಪಾಪವಿದ್ದರೆ ಅದು ನನಗೆ ಬರಲಿ ಎಂದು ಅಮ್ಮನ ಮುಂದೆ ಹೇಳಿ ಬಂದಿದ್ದೇನೆ. ಅತ್ತೆಮ್ಮನಿಗೂ ಹೇಳಿಯೇ ಹೊರಟೆ. ಅವರು ಬೈಯಲಿಲ್ಲ. ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟರು.

ಇಲ್ಲಿಗೆ ಬಂದಾಗ ಗಂಗಯ್ಯ ಬಾಗಿಲಲ್ಲೇ ಇದ್ದ. 'ಯಾರ್ ಜೊತೆ ಬಂದೆ ಅಕ್ಕ?' ಅಂದ. ಯಾರೂ ಇಲ್ಲ ಅಂದೆ. 'ಕರೀದಲೇ ಬಂದ್ಬುಟ್ಯಾ?' ಅಂದ. ನನಗೆ ಎಲ್ಲಿತ್ತೋ ಸಿಟ್ಟು. 'ಐದು ವರ್ಷ ಕಾದೆ ಕಣ್ಲಾ. ನೀನು ಕರೀನಿಲ್ಲ, ಅವ್ರು ಕಳುಸ್ನಿಲ್ಲ. ತಲೆ ಬೇಕು, ತಲೆ ಬೇಕು ಅಂದ್ಯಲ್ಲ, ನಮ್ಮಕ್ಕ ಬೇಕು ಅಂತ ಒಂದಪನಾದ್ರೂ ಅಂದ್ಯಾ?' ಎಂದು ಬೀದಿಯಲ್ಲೇ ನಿಂತು ಕೇಳಿದೆ. ಅವನು ಗೋಡೆಯ ಕಡೆ ತಿರುಗಿಕೊಂಡ. ವೆಂಕಟಲಕ್ಷ್ಮಮ್ಮ ಬಂದು ನನ್ನ ಚೀಲ ಇಸಿದುಕೊಂಡಳು. ಈಗ ಮಾತಾಡುತ್ತಾನೆ. ಅಂಬಿಯನ್ನು ತೊಡೆಯಿಂದ ಇಳಿಸುವುದಿಲ್ಲ.

ನಿಮ್ಮಣ್ಣ ನಿನಗೆ ಕಾಗದ ಬರೆದಿರಬಹುದು. ಎಲ್ಲಿದ್ದೇನೆ ಎಂದು ತಿಳಿಸು. ಅವರು ಕರೆಯಲು ಬಂದರೆ ಹೊರಡುತ್ತೇನೆ. ಗಂಗಯ್ಯನನ್ನು ಕೇಳಿದ ಮಾತನ್ನೇ ಅವರನ್ನೂ ಕೇಳುವುದಿದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತವರಿನ ಬಗ್ಗೆ ನಿಮ್ಮಣ್ಣನಿಗೆ ಬರೆದವಳು ನೀನೊಬ್ಬಳೇ. ಆದರೂ ಹೇಳದೆ ಇದ್ದರೆ ಒಳಗೇ ಉಳಿದುಬಿಡುತ್ತದೆ. ನೀನು ಎರಡು ಸಲ ಉಯ್ಯಂಬಳ್ಳಿಗೆ ಹೋಗಿ ಬಂದೆ, ರತ್ನ. ಒಂದು ಸಲವೂ ನನ್ನನ್ನು 'ಅತ್ತಿಗೆ, ಬರ್ತೀಯಾ' ಎಂದು ಕೇಳಲಿಲ್ಲ.

ಇಂತಿ,
ಸಿದ್ದಮ್ಮ